ರೆಕಾರ್ಡಿಗೆ ದೃಷ್ಟಿ ತೆಗೆಯುವ ಮುನ್ನ

ಪುಟ್ಟೀ,

ಮೊನ್ನೆ ಫೋನಿನಲ್ಲಿ ನೀನು ಅಷ್ಟು ಹುರುಪಿನಿಂದ ಹೇಳುತ್ತಿದ್ದೆ, ನಡುವೆ ಬಾಯಿ ಹಾಕಲು ಮನಸ್ಸಾಗಲಿಲ್ಲ. ಗೆಳತಿಯ ಮನೆಯಿಂದ ಒಂದು ವಾರದ ಮಟ್ಟಿಗೆ ತಂದಿಟ್ಟುಕೊಂಡಿರುವ ಆ ಡಿಮ್ಯಾಗ್ನೆಟೈಸರ್ ಮೇಲೆ ರೆಕಾರ್ಡ್ ಮಲಗಿಸಿ, ಗುಂಡಿ ಒತ್ತಿ, ಒಂದಿಷ್ಟು ಹೊತ್ತು ಕಾದು ಮತ್ತೆ ಹಾಕಿದರೆ “ಹಾಡುವವರ ಮುಂದಿದ್ದ ಪರದೆ ಸರಿದ ಹಾಗಾಯ್ತು ದೊಡ್ಡಪ್ಪ” ಅಂದೆ. ಬೆಲೆ ಹೇಳಿದಾಗ ಮಾತ್ರ ನಿನ್ನ ದನಿ ಸ್ವಲ್ಪ ಇಳಿಯಿತು. ಹೊಸ ಸ್ಕೂಟರಿನ ದುಡ್ಡು! ತಗೊಳ್ಳಲಾ ಎಂದು ಕೇಳಿದೆ. ಬರೆದು ಕಳಿಸುತ್ತೇನೆ, ಅಲ್ಲಿಯವರೆಗೆ ದುಡ್ಡು ಕಟ್ಟಬೇಡ ಅಂದೆ. ಈಗ ಬರೆಯಲು ಕೂತಿದ್ದೇನೆ.

ಮೊದಲೇ ಒಂದು ಮಾತು. ನೀನು ಕೇಳಿಸಿಕೊಂಡದ್ದು ಸುಳ್ಳು ಎಂದು ನಾನು ಹೇಳಲು ಹೊರಟಿಲ್ಲ. ನೀನು ತೊಟ್ಟಿಲ ಕೂಸಾಗಿದ್ದಾಗ ಮನೆಗೆ ನೆಂಟರು ಬಂದುಹೋದ ದಿನ ಸಂಜೆ ಅಳು ನಿಲ್ಲಿಸುತ್ತಿರಲಿಲ್ಲ. ನಿನ್ನಜ್ಜಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಮೂರು ಸಲ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಘಾಟು ಬರದಿದ್ದರೆ “ನೋಡಿದ್ರಾ, ಎಷ್ಟು ದೃಷ್ಟಿಯಾಗಿತ್ತು” ಎನ್ನುವಳು. ನೀನು ನಿದ್ದೆ ಹೋಗುತ್ತಿದ್ದೆ, ಅದು ನಿಜ. ಹತ್ತು ಜನರ ಕೈಯಿಂದ ಕೈಗೆ ಹೋಗಿ ದಣಿದ ಮಗು, ಅಜ್ಜಿಯ ತೋಳು, ಕತ್ತಲಾಗುವ ಹೊತ್ತು. ನಿದ್ದೆಗೆ ಇಷ್ಟು ಸಾಕಿತ್ತು. ಹೆಸರು ಬಂದದ್ದು ಮಾತ್ರ ಮೆಣಸಿನಕಾಯಿಗೆ. ನಿನ್ನ ರೆಕಾರ್ಡಿನ ವಿಷಯದಲ್ಲೂ ಅಂಥದೇ ಏನೋ ನಡೆದಿದೆ ಎಂಬುದು ನನ್ನ ಗುಮಾನಿ.

ಮೈಸೂರಿನ ಆ ಹತ್ತಡಿ ಅಂಗಡಿಯಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ಬಿಚ್ಚಿ ಕಟ್ಟುತ್ತ ನಲವತ್ತು ವರ್ಷ ಕಳೆದವನು ನಾನು. ಡಿಮ್ಯಾಗ್ನೆಟೈಸರ್ ನನಗೆ ಹೊಸ ಸಾಮಾನಲ್ಲ. ನನ್ನ ಮೇಜಿನ ಖಾನೆಯಲ್ಲಿ ಯಾವಾಗಲೂ ಒಂದು ಇರುತ್ತಿತ್ತು. ಆದರೆ ಅದು ಟೇಪಿನ ಯಂತ್ರಕ್ಕೆ. ಟೇಪೆಂದರೆ ಏನು? ಪ್ಲಾಸ್ಟಿಕ್ಕಿನ ಪಟ್ಟಿಗೆ ಕಬ್ಬಿಣದ ಆಕ್ಸೈಡನ್ನು ನುಣ್ಣಗೆ ಬಳಿದದ್ದು. ಕ್ಯಾಸೆಟ್ಟಿನ ಕಂದು ಬಣ್ಣ ತುಕ್ಕಿನ ಬಣ್ಣವೇ. ಹಾಡು ಅಲ್ಲಿ ಅಯಸ್ಕಾಂತದ ಗುರುತಾಗಿಯೇ ಕೂತಿರುತ್ತದೆ, ಬೇರೆ ಯಾವ ರೂಪವೂ ಅದಕ್ಕಿಲ್ಲ. ಆ ಪಟ್ಟಿ ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಹೆಡ್ಡನ್ನು ಉಜ್ಜಿಕೊಂಡು ಹೋಗುತ್ತದೆ. ದಿನ ಹೋದಂತೆ ಹೆಡ್ಡೂ, ಪಕ್ಕದ ಉಕ್ಕಿನ ಬಿಡಿಭಾಗಗಳೂ ತಾವೇ ಒಂದಿಷ್ಟು ಅಯಸ್ಕಾಂತವಾಗಿಬಿಡುತ್ತವೆ. ಆಗ ಹಾಡಿನ ಹಿಂದೆ ಸುಯ್ ಎನ್ನುವ ಸದ್ದು ಹೆಚ್ಚುತ್ತದೆ. ಅದಕ್ಕಿಂತ ಕೆಟ್ಟದ್ದು, ಅಂಥ ಹೆಡ್ಡು ಹಾಕಿದ ಕ್ಯಾಸೆಟ್ಟಿನ ತಾರಸ್ಥಾಯಿಯ ಹೊಳಪನ್ನು ಪ್ರತಿ ಸಲವೂ ಒಂದಿಷ್ಟು ಸವೆಸುತ್ತದೆ. ತಾಳದ ಕಿಣಿಕಿಣಿ, ತಂಬೂರಿಯ ಜೀವಾಳಿಯ ಝೇಂಕಾರ ಮೊದಲು ಹೋಗುವುದು.

ಹೆಡ್ಡಿಗೆ ಹಿಡಿದ ಅಯಸ್ಕಾಂತವನ್ನು ತೆಗೆಯುವ ಕ್ರಮ ಹೀಗಿತ್ತು. ಯಂತ್ರ ಬಂದ್ ಮಾಡಬೇಕು, ಕ್ಯಾಸೆಟ್ಟುಗಳನ್ನೆಲ್ಲ ಆಚೆ ಇಡಬೇಕು. ಡಿಮ್ಯಾಗ್ನೆಟೈಸರನ್ನು ತೋಳಿನಳತೆ ದೂರದಲ್ಲಿ ಹಿಡಿದು ಸ್ವಿಚ್ ಹಾಕಬೇಕು. ನಿಧಾನವಾಗಿ ಹೆಡ್ಡಿನ ಹತ್ತಿರ ತಂದು ಸವರಿ, ಅಷ್ಟೇ ನಿಧಾನವಾಗಿ ದೂರ ಎಳೆದುಕೊಂಡು, ದೂರದಲ್ಲೇ ಆರಿಸಬೇಕು. ಗೋಡೆಯ ಕರೆಂಟು ಸೆಕೆಂಡಿಗೆ 50 ಸಲ ಆಚೆ ಈಚೆ ತೂಗುತ್ತದಲ್ಲ, ಆ ತೂಗಾಟಕ್ಕೆ ಕಬ್ಬಿಣದೊಳಗಿನ ಅಯಸ್ಕಾಂತವೂ ತೂಗುತ್ತದೆ. ಕೈ ದೂರ ಸರಿದಂತೆ ತೂಗು ಕಿರಿದಾಗುತ್ತ ಬಂದು ಯಾವ ಕಡೆಗೂ ವಾಲದೆ ನಿಲ್ಲುತ್ತದೆ, ತೊಟ್ಟಿಲನ್ನು ಮೆಲ್ಲಗೆ ನಿಲ್ಲಿಸಿದ ಹಾಗೆ. ಹತ್ತಿರವಿದ್ದಾಗಲೇ ಫಕ್ಕನೆ ಸ್ವಿಚ್ ಆರಿಸಿದರೆ ತೊಟ್ಟಿಲು ಒಂದು ಕಡೆ ವಾಲಿಕೊಂಡೇ ನಿಂತುಬಿಡುತ್ತದೆ. ಮೊದಲಿಗಿಂತ ಹಾಳು.

ಸರಿ. ಈಗ ರೆಕಾರ್ಡಿಗೆ ಬಾ. ತೊಟ್ಟಿಲೇ ಇಲ್ಲದ ಮನೆಯಲ್ಲಿ ತೂಗುವುದು ಏನನ್ನು?

ನಿನ್ನ ಎಲ್.ಪಿ. ಪಿ.ವಿ.ಸಿ.ಯ ವರ್ಗದ ಪ್ಲಾಸ್ಟಿಕ್ಕು. ಅದರ ಕಪ್ಪು ಬಣ್ಣ ಇಂಗಾಲದ ಮಸಿಯದು, ಕಾಡಿಗೆಯ ಜಾತಿ. ಎರಡೂ ಅಯಸ್ಕಾಂತಕ್ಕೆ ಅಂಟುವ ಕುಲದವಲ್ಲ. ಪಿ.ವಿ.ಸಿ. ಅಂತೂ ಅಯಸ್ಕಾಂತ ಕಂಡರೆ ಗೊತ್ತಾಗದಷ್ಟು ದೂರ ಸರಿಯುವ ವಸ್ತು, ನೀರಿನ ಹಾಗೆ. ಹಾಡು ಅಲ್ಲಿರುವುದು ಗೆರೆಯ ಆಕಾರದಲ್ಲಿ. ಕೂದಲೆಳೆಯಷ್ಟು ಅಗಲದ, ಇಂಗ್ಲಿಷಿನ ‘ವಿ’ ಅಕ್ಷರದಂಥ ತೋಡು. ಅದರ ಎರಡು ಗೋಡೆಗಳಲ್ಲಿ ಎರಡು ಸ್ಪೀಕರುಗಳ ಸದ್ದು ಅಲೆಅಲೆಯಾಗಿ ಕೆತ್ತಿಕೊಂಡಿರುತ್ತದೆ. ವಜ್ರದ ಮುಳ್ಳು ಆ ಅಲೆಗಳ ಮೇಲೆ ಹಾಯುತ್ತ ನಡುಗುತ್ತದೆ. ಇಲ್ಲಿ ಕೆಡುವುದೆಂದರೆ ಗೋಡೆ ಸವೆಯಬೇಕು, ಗೀರಬೇಕು, ಅಥವಾ ಕೊಳೆ ಕೂರಬೇಕು.

ಹಳೇ 78ರ ಪ್ಲೇಟುಗಳಿಗೆ ಹೋದರಂತೂ ಮ್ಯಾಗ್ನೆಟ್ಟಿನ ಮಾತೇ ನಗು ತರಿಸುತ್ತದೆ. ನಿನ್ನ ಮುತ್ತಜ್ಜನ ಕೀಲಿ ಕೊಡುವ ಗ್ರಾಮಫೋನನ್ನು ನೀನು ಅಟ್ಟದ ಮೇಲೆ ನೋಡಿದ್ದೀಯ. ಅದರಲ್ಲಿ ಕರೆಂಟೂ ಇಲ್ಲ, ಮ್ಯಾಗ್ನೆಟ್ಟೂ ಇಲ್ಲ. ಉಕ್ಕಿನ ಪಿನ್ನು ನಡುಗುತ್ತದೆ, ಅದು ಒಂದು ಅಭ್ರಕದ ಬಿಲ್ಲೆಯನ್ನು ನಡುಗಿಸುತ್ತದೆ, ಸದ್ದು ಕೊಂಬಿನಿಂದ ಹೊರಗೆ ಬರುತ್ತದೆ. ಒಂದೊಂದು ಬದಿಗೂ ಹೊಸ ಪಿನ್ನು ಹಾಕಬೇಕಿತ್ತು, 200 ಪಿನ್ನಿನ ತಗಡಿನ ಡಬ್ಬಿಗಳು ಬರುತ್ತಿದ್ದವು. ಪ್ಲೇಟು ಅರಗಿನದು, ಕಲ್ಲಿನ ಪುಡಿ ಬೆರೆಸಿದ್ದು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅದೇ ಅರಗು. (ಅದಕ್ಕೇ ಒಂದು ಎಚ್ಚರಿಕೆ: 78ರ ಪ್ಲೇಟನ್ನು ಸ್ಪಿರಿಟ್ ಹಚ್ಚಿ ಒರೆಸಲು ಹೋಗಬೇಡ. ಬಡಗಿಗಳು ಪಾಲಿಶ್ ಮಾಡಲು ಅರಗನ್ನು ಕರಗಿಸುವುದೇ ಸ್ಪಿರಿಟ್ಟಿನಲ್ಲಿ. ಹಾಡೆಲ್ಲ ಬಟ್ಟೆಗೆ ಬಂದುಬಿಡುತ್ತದೆ.) ಗದುಗಿನ ಕಡೆಯ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಝಿಂಜೋಟಿಯ ಠುಮ್ರಿ ಕೇಳಿದ್ದು ಅಂಥದೊಂದು ಪ್ಲೇಟಿನಲ್ಲಿ. ಒಂದು ಬದಿಗೆ ಮೂರು ಚಿಲ್ಲರೆ ನಿಮಿಷದ ಹಾಡು. ಆ ಗುಂಗೇ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಅವರನ್ನು ಮನೆಬಿಟ್ಟು ಓಡಿಸಿತು. ಆ ಪ್ಲೇಟಿಗೆ ಯಾರೂ ಅಯಸ್ಕಾಂತ ಇಳಿಸಿರಲಿಲ್ಲ ಎಂದು ಬೇರೆ ಹೇಳಬೇಕೆ?

ನೀನು ಸುಮ್ಮನಿರುವವಳಲ್ಲ, ಗೊತ್ತು. ಯಂತ್ರ ಮಾರುವವರ ವಾದವನ್ನು ಆಗಲೇ ನನಗೆ ಒಪ್ಪಿಸಿದ್ದೀಯ. ಪ್ಲಾಸ್ಟಿಕ್ಕಿಗೆ ಸೇರಿಸುವ ಬಣ್ಣದ ಪುಡಿಯಲ್ಲಿ ಕಬ್ಬಿಣದ ಕಣಗಳು ಇರುತ್ತವಂತೆ, ಅವು ಅಯಸ್ಕಾಂತವಾಗಿ ಕಾರ್ಟ್ರಿಜ್ಜಿನ ಕೆಲಸ ಕೆಡಿಸುತ್ತವಂತೆ. ಇರಲಿ, ವಾದಕ್ಕೆ ಒಪ್ಪೋಣ. ಒಂದು ಚಿಟಿಕೆಯಲ್ಲಿ ಸಾವಿರದ ಒಂದು ಪಾಲು ಕಬ್ಬಿಣ ಇದೆ ಎಂದೇ ಇಟ್ಟುಕೊಳ್ಳೋಣ. ಕಾರ್ಟ್ರಿಜ್ಜಿನ ಒಳಗೆ ಏನಿದೆ ನೋಡು. ನಿನ್ನದು ಮೂವಿಂಗ್ ಮ್ಯಾಗ್ನೆಟ್ ಬಗೆಯದು. ಮುಳ್ಳಿರುವ ಸಣ್ಣ ಕಡ್ಡಿಯ ಇನ್ನೊಂದು ತುದಿಯಲ್ಲಿ ಎಳ್ಳಿನ ಗಾತ್ರದ ಮ್ಯಾಗ್ನೆಟ್ ಇದೆ. ಅದು ತಂತಿಯ ಸುರುಳಿಗಳ ನಡುವೆ ಅಲ್ಲಾಡಿದರೆ ಸಾವಿರದಲ್ಲಿ ನಾಲ್ಕೈದು ಪಾಲು ವೋಲ್ಟ್ ಹುಟ್ಟುತ್ತದೆ. ಆ ಮ್ಯಾಗ್ನೆಟ್ ರೆಕಾರ್ಡಿನ ಮೇಲೆ ಬೆರಳಗಲದ ಅಂತರದಲ್ಲಿ ಇಡೀ ಹೊತ್ತು ತೂಗುತ್ತಿರುತ್ತದೆ. ರೆಕಾರ್ಡಿಗೆ ಅಯಸ್ಕಾಂತ ಹಿಡಿಯುವ ಗುಣವಿದ್ದರೆ ನೀನು ಯಂತ್ರದಿಂದ ಇಳಿಸಿ ತಂದ ಮರುಕ್ಷಣ ನಿನ್ನ ಕಾರ್ಟ್ರಿಜ್ಜೇ ಅದಕ್ಕೆ ಮತ್ತೆ ಹಿಡಿಸಬೇಕಲ್ಲ!

ಇನ್ನೊಂದು ಲೆಕ್ಕ. ಸುರುಳಿಯಲ್ಲಿ ವಿದ್ಯುತ್ ಹುಟ್ಟುವುದು ಅಯಸ್ಕಾಂತದ ಬಲ ಬದಲಾದಾಗ ಮಾತ್ರ. ಇದ್ದಂತೆಯೇ ಇರುವ ಬಲಕ್ಕೆ ಸುರುಳಿ ಕಿವುಡು. ನಿಮಿಷಕ್ಕೆ 33⅓ ಸುತ್ತು ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ರೆಕಾರ್ಡಿನ ಒಂದು ಮಗ್ಗುಲು ಒಂದಿಷ್ಟು ಅಯಸ್ಕಾಂತವಾಗಿದ್ದರೂ ಅದರ ಏರಿಳಿತ 1.8 ಸೆಕೆಂಡಿಗೆ ಒಂದು ಸಲ. ಮನುಷ್ಯರ ಕಿವಿ ಶುರುವಾಗುವುದೇ ಸೆಕೆಂಡಿಗೆ ಇಪ್ಪತ್ತು ಕಂಪನದಿಂದ. ಕಬ್ಬಿಣ ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿದ್ದರೆ ಸುತ್ತಿಗೊಮ್ಮೆ ಟಿಕ್ ಎನ್ನಬಹುದಿತ್ತು. ನೀನು ಹೇಳಿದ್ದು ಅದಲ್ಲವಲ್ಲ, ಪರದೆ ಸರಿದದ್ದು. ಅಯಸ್ಕಾಂತಕ್ಕೆ ಪರದೆಯಾಗುವ ವಿದ್ಯೆ ಗೊತ್ತಿಲ್ಲ.

ಲೆಕ್ಕ ಬೇಡ, ಕಣ್ಣಾರೆ ನೋಡಬೇಕು ಅನ್ನುತ್ತೀಯಾ? ನಾವು ಹುಡುಗರಾಗಿದ್ದಾಗ ಒಡೆದ ಸ್ಪೀಕರಿನ ಮ್ಯಾಗ್ನೆಟ್ಟಿಗೆ ದಾರ ಕಟ್ಟಿಕೊಂಡು ಮಳೆ ನಿಂತ ಮೇಲೆ ಬೀದಿಯ ಮರಳಲ್ಲಿ ಎಳೆದುಕೊಂಡು ಓಡುತ್ತಿದ್ದೆವು, ಕಪ್ಪು ಹುಡಿ ಗಡ್ಡದ ಹಾಗೆ ಅಂಟಿಕೊಳ್ಳುತ್ತಿತ್ತು. ನಿನಗೆ ಅಷ್ಟು ಕಷ್ಟವೂ ಬೇಡ. ನಿನ್ನ ಫೋನಿನೊಳಗೆ ದಿಕ್ಸೂಚಿ ಇದೆ. ಅದು ಅಳೆದ ಅಯಸ್ಕಾಂತದ ಬಲವನ್ನು ಅಂಕಿಯಲ್ಲಿ ತೋರಿಸುವ ಆ್ಯಪ್ ಹಾಕಿಕೊ. ಬೆಂಗಳೂರಿನಲ್ಲಿ ಭೂಮಿಯದೇ ಬಲ ಸುಮಾರು 40 ಮೈಕ್ರೊಟೆಸ್ಲಾ. ಮನೆಯ ಕಬ್ಬಿಣದಿಂದ ನಾಲ್ಕಾರು ಅಂಕಿ ಹೆಚ್ಚುಕಡಿಮೆ ಕಂಡೀತು. ಫೋನನ್ನು ಮರದ ಮೇಜಿನ ಮೇಲಿಟ್ಟು, ಇನ್ನೂ ಯಂತ್ರದ ಮೇಲೆ ಮಲಗದ ಒಂದು ರೆಕಾರ್ಡನ್ನು ಅದರ ಹತ್ತಿರ ತಂದು ಮೆಲ್ಲಗೆ ತಿರುಗಿಸು. ಅಂಕಿ ಇದ್ದಲ್ಲೇ ಇರುತ್ತದೆ. ಆಮೇಲೆ ಒಂದು ಸ್ಟೀಲ್ ಸ್ಕ್ರೂ ಡ್ರೈವರ್ ತಾ, ಅಂಕಿ ಜಿಗಿಯುವುದನ್ನು ನೋಡು. ಕಾರ್ಟ್ರಿಜ್ಜಿನ ಹತ್ತಿರ ಮಾತ್ರ ಫೋನ್ ಒಯ್ಯಬೇಡ, ಮುಳ್ಳಿಗೆ ತಾಗಿದರೆ ನನ್ನನ್ನು ಬೈಯುತ್ತೀಯ.

ಹಾಗಾದರೆ ದನಿ ಬದಲಾದದ್ದು ಯಾಕೆ? ಇಲ್ಲಿಯೇ ನೋಡು ನಿಜವಾದ ಕಥೆ ಇರುವುದು.

ಪ್ರೈಮರಿ ಶಾಲೆಯಲ್ಲಿ ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತುತ್ತಿದ್ದೆಯಲ್ಲ? ನಾವೆಲ್ಲ ಅದಕ್ಕೆ “ಬಾಚಣಿಗೆ ಮ್ಯಾಗ್ನೆಟ್ ಆಯ್ತು” ಅನ್ನುತ್ತಿದ್ದೆವು. ಮೇಷ್ಟ್ರು ತಿದ್ದುತ್ತಿದ್ದರು, ನಾವು ಮರೆಯುತ್ತಿದ್ದೆವು. ಅದು ಮ್ಯಾಗ್ನೆಟ್ ಅಲ್ಲ, ಸ್ಥಾಯೀ ವಿದ್ಯುತ್ತು. ರೆಕಾರ್ಡನ್ನು ಕಾಗದದ ಕವರಿನಿಂದ ಸರ್ ಎಂದು ಎಳೆದಾಗ ನಡೆಯುವುದು ಅದೇ. ಪಿ.ವಿ.ಸಿ.ಯಂತೂ ಉಜ್ಜಿದರೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಎತ್ತಿದ ಕೈ. ಟೆರಿಲಿನ್ ಅಂಗಿಯನ್ನು ಕತ್ತಲಲ್ಲಿ ಕಳಚಿದಾಗ ಚಟಚಟ ಕಿಡಿ ಕಾಣುತ್ತಿತ್ತಲ್ಲ, ಆ ಜಾತಿಯ ವೋಲ್ಟೇಜು. ರೆಕಾರ್ಡನ್ನು ಮುಂಗೈ ಹತ್ತಿರ ತಂದರೆ ಕೂದಲು ನಿಮಿರುತ್ತದೆ. ಕೋಣೆಯ ಧೂಳನ್ನೆಲ್ಲ ಅದು ಕರೆದು ಕೂರಿಸಿಕೊಳ್ಳುತ್ತದೆ. ಸ್ಪೀಕರಿನಲ್ಲಿ ಚಟಪಟ. ಫೆಬ್ರವರಿ, ಮಾರ್ಚಿನ ಒಣಹವೆಯಲ್ಲಿ ಬೆಂಗಳೂರಿನಲ್ಲೂ ಧಾರವಾಡದಲ್ಲೂ ಇದು ಜಾಸ್ತಿ. ಜುಲೈನ ಮಂಗಳೂರಿನಲ್ಲಿ ಈ ಕಾಟ ಇಲ್ಲ, ಅಲ್ಲಿ ಬೂಷ್ಟಿನ ಕಾಟ. ಧೂಳನ್ನು ಎಳೆಯುವುದನ್ನು ಕಂಡವರು “ಮ್ಯಾಗ್ನೆಟ್ ಹಿಡಿದಿದೆ” ಅಂದುಕೊಂಡರು. ಮ್ಯಾಗ್ನೆಟ್ ಹಿಡಿದಿದ್ದರೆ ತೆಗೆಯುವ ಯಂತ್ರವೂ ಬೇಕಲ್ಲ? ಬಂತು.

ನೀನು ಆ ದಿನ ಏನು ಮಾಡಿದೆ ಹೇಳು. ರೆಕಾರ್ಡನ್ನು ಒಂದು ಸಲ ಹಾಕಿದೆ. ಎತ್ತಿಕೊಂಡೆ, ಎರಡು ಅಂಗೈಯಲ್ಲಿ ಹಿಡಿದು ನಡೆದೆ, ಮಲಗಿಸಿದೆ, ಮತ್ತೆ ಎತ್ತಿದೆ, ಬಹುಶಃ ಒಮ್ಮೆ ಒರೆಸಿದೆ. ಮೊದಲ ಸಲ ಮುಳ್ಳು ಹಾದಾಗಲೇ ಗೆರೆಯ ಧೂಳಲ್ಲಿ ಒಂದು ಪಾಲು ಹೊರಗೆ ಬಂದಿತ್ತು. ಕೈಯಾಡಿಸಿದಾಗ ವಿದ್ಯುತ್ತಿನ ಹಂಚಿಕೆಯೂ ಒಂದಿಷ್ಟು ಬದಲಾಗಿರಬಹುದು. ಎಲ್ಲಕ್ಕಿಂತ ದೊಡ್ಡದು, ನೀನು ಎರಡನೇ ಸಲ ಕೇಳುತ್ತಿದ್ದೆ. ಅದೂ ಕಣ್ಣು ಮುಚ್ಚಿ, ಏನು ಬದಲಾಗುತ್ತದೋ ಎಂದು ಕಾಯುತ್ತ. ಎರಡನೇ ಸಲ ಯಾವ ಹಾಡಿನಲ್ಲೂ ಹೊಸದು ಕೇಳಿಸುತ್ತದೆ ಕಣಮ್ಮಾ. ಮೊದಲ ಸಲ ಹಾಡುವವರನ್ನು ಕೇಳಿದ ಕಿವಿ ಎರಡನೇ ಸಲ ಹಿಂದಿನ ತಂಬೂರಿಯನ್ನು ಹುಡುಕುತ್ತದೆ.

ನಿನ್ನನ್ನು ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ, ಯಾಕೆಂದರೆ ನಾನೂ ಬಿದ್ದವನೇ. 1990ರ ಸುಮಾರಿಗೆ ಸಿ.ಡಿ.ಯ ಅಂಚಿಗೆ ಹಸಿರು ಮಾರ್ಕರ್ ಹಚ್ಚಿದರೆ ದನಿ ತಿಳಿಯಾಗುತ್ತದೆ ಎಂಬ ಗೀಳು ಪರದೇಶದಲ್ಲಿ ಹಬ್ಬಿತ್ತು. ನಮ್ಮಲ್ಲಿಗೆ ಸಿ.ಡಿ. ಬಂದು ನಾಲ್ಕು ಜನರ ಮನೆ ಸೇರುವ ಹೊತ್ತಿಗೆ ಗೀಳೂ ಬಂತು. ನಾನು ಒಂದು ಹಸಿರು ಮಾರ್ಕರ್ ತಂದು ಹಚ್ಚಿದೆ. ಆಹಾ! ಪಿಟೀಲಿನ ಕಮಾನು ಕಣ್ಣಿಗೆ ಕಂಡ ಹಾಗೆ. ಗಿರಾಕಿಗಳಿಗೆಲ್ಲ ಹೇಳಿದ್ದೇ ಹೇಳಿದ್ದು. ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಒಂದು ದಿನ ಸಿ.ಡಿ. ಹಾಕಿ, “ಈಗ ಕೇಳಿ ಸಾರ್, ಹಚ್ಚಿದ್ದೀನಿ” ಅಂದ. ನಾನು ಕಣ್ಣು ಮುಚ್ಚಿ ತಲೆದೂಗಿ ಅರ್ಧ ಗಂಟೆ ವರ್ಣಿಸಿದೆ. ತೆಗೆದು ತೋರಿಸಿದ. ಅಂಚಿನಲ್ಲಿ ಹಸಿರಿನ ಒಂದು ಚುಕ್ಕೆಯೂ ಇಲ್ಲ. ಹುಡುಗ ನಗಲಿಲ್ಲ, ಅದು ಇನ್ನೂ ಹೆಚ್ಚು ಚುಚ್ಚಿತು. ಆದರೆ ಆ ಅರ್ಧ ಗಂಟೆ ನನಗೆ ಕಮಾನು ಕಂಡದ್ದಂತೂ ನಿಜ. ಕಿವಿ ಒಂದೇ ಕೇಳುವುದಿಲ್ಲ, ಮನಸ್ಸೂ ಕೂತು ಕೇಳುತ್ತದೆ, ಮತ್ತು ದುಡ್ಡು ಕೊಟ್ಟ ಮನಸ್ಸು ಇನ್ನೂ ಚೆನ್ನಾಗಿ ಕೇಳುತ್ತದೆ.

ಅದಕ್ಕೇ ಪರೀಕ್ಷೆ ಮಾಡು ಅನ್ನುತ್ತೇನೆ. ಯಂತ್ರ ಹೇಗೂ ಈ ಭಾನುವಾರದವರೆಗೆ ಮನೆಯಲ್ಲಿದೆ. ಆದರೆ ಜಾಣತನದಿಂದ ಮಾಡು. ಒಂದೇ ರೆಕಾರ್ಡನ್ನು ಹತ್ತು ಸಲ ಬಳಸಿದರೆ ಪ್ರಯೋಜನವಿಲ್ಲ, ಒಮ್ಮೆ ತೆಗೆದ ದೃಷ್ಟಿ ತೆಗೆದಂತೆಯೇ ಅಲ್ಲವೇ? ಇನ್ನೂ ಯಂತ್ರಕ್ಕೆ ಸೋಕದ ಹತ್ತು ರೆಕಾರ್ಡ್ ಆರಿಸಿಕೊ. ಒಂದೊಂದರದ್ದೂ ಮೊದಲ ಒಂದು ನಿಮಿಷ ಕೇಳು. ಆಮೇಲೆ ನಿನ್ನ ತಮ್ಮ ಅದನ್ನು ಪಕ್ಕದ ಕೋಣೆಗೆ ಒಯ್ದು ನಾಣ್ಯ ಚಿಮ್ಮಲಿ. ತಲೆ ಬಿದ್ದರೆ ಯಂತ್ರದ ಮೇಲೆ ಇಡಲಿ, ಬಾಲ ಬಿದ್ದರೆ ಅಷ್ಟೇ ಹೊತ್ತು ಸುಮ್ಮನೆ ಹಿಡಿದುಕೊಂಡಿರಲಿ. ಎರಡಕ್ಕೂ ಒಂದೇ ರೀತಿ ಒರೆಸಿ ತರಲಿ, ಮುಖದಲ್ಲಿ ಏನೂ ತೋರಿಸಬಾರದು. (ಅವನಿಗೆ ಅದು ಕಷ್ಟ, ಟವೆಲ್ ಸುತ್ತಿಕೊಳ್ಳಲು ಹೇಳು.) ವಾಲ್ಯೂಮ್ ಗುಂಡಿ ಮುಟ್ಟದೆ ಮತ್ತೆ ಕೇಳಿ, “ಆಗಿದೆ”, “ಆಗಿಲ್ಲ” ಎಂದು ಬರೆದುಕೊ. ಹತ್ತೂ ಮುಗಿದ ಮೇಲೇ ತಾಳೆ ನೋಡಬೇಕು. ಐದು, ಆರು ಸರಿ ಬಂದರೆ ನಾಣ್ಯ ಚಿಮ್ಮಿದವನೇ ಉತ್ತರ ಹೇಳಿದ ಹಾಗೆ. ಎಂಟು ಬಂತು ಎಂದು ಕುಣಿಯಬೇಡ, ಕಣ್ಣು ಮುಚ್ಚಿ ಊಹಿಸಿದರೂ ಎಂಟು ಅಥವಾ ಹೆಚ್ಚು ಬರುವ ಸಾಧ್ಯತೆ 1024ರಲ್ಲಿ 56. ಒಂಬತ್ತು ಅಥವಾ ಹತ್ತು ಬರುವುದು 1024ರಲ್ಲಿ ಬರೀ 11. ಒಂಬತ್ತು ಬಂದರೆ ಫೋನ್ ಮಾಡು. ಇನ್ನೊಂದು ಸಲ ನನ್ನೆದುರಿಗೆ ಬಂದರೆ ಯಂತ್ರ ನಾನೇ ಕೊಡಿಸುತ್ತೇನೆ, ನಿಮ್ಮ ದೊಡ್ಡಮ್ಮನಿಗೆ ಹೇಳದೆ.

ಬರದಿದ್ದರೆ ಆ ದುಡ್ಡಿನಲ್ಲಿ ಹತ್ತನೇ ಒಂದು ಪಾಲೂ ಖರ್ಚಾಗದೆ ನಿನ್ನ ರೆಕಾರ್ಡುಗಳು ನಿಜವಾಗಿ ಚೆನ್ನಾಗಿ ಹಾಡುವ ಹಾಗೆ ಮಾಡಬಹುದು. ಒಂದು ಕಾರ್ಬನ್ ಫೈಬರ್ ಬ್ರಷ್ ತಗೋ. ಪ್ರತಿ ಬದಿ ಹಾಕುವ ಮುನ್ನ, ತಿರುಗುತ್ತಿರುವ ರೆಕಾರ್ಡಿನ ಮೇಲೆ ಎರಡು ಸುತ್ತು ಹಗುರವಾಗಿ ಹಿಡಿದು ಮೆಲ್ಲಗೆ ಆಚೆ ಎಳೆ. ಧೂಳೂ ಹೋಗುತ್ತದೆ, ಆ ಎಳೆಗಳು ವಿದ್ಯುತ್ ಹರಿಸುವುದರಿಂದ ಸ್ಥಾಯೀ ವಿದ್ಯುತ್ತೂ ಒಂದಿಷ್ಟು ಇಳಿಯುತ್ತದೆ. ಕಾಗದದ ಒಳಕವರು ಬಿಸಾಕಿ ನುಣುಪಾದ ಪ್ಲಾಸ್ಟಿಕ್ ಒಳಪದರವಿರುವ ಕವರು ಹಾಕು. ಸ್ಥಾಯೀ ವಿದ್ಯುತ್ತಿಗೆಂದೇ ಪಿಸ್ತೂಲಿನಂಥ ಸಾಧನವೂ ಸಿಗುತ್ತದೆ, ಒಳಗೆ ಗ್ಯಾಸ್ ಲೈಟರಿನ ಜಾತಿಯ ಹರಳು. ಕುದುರೆ ಒತ್ತಿದರೆ ಗಾಳಿಗೆ ವಿದ್ಯುತ್ ಕಣ ಬಿಡುತ್ತದೆ. ಅದು ಕೆಲಸ ಮಾಡುತ್ತದೆ, ಒಣಗಾಲದಲ್ಲಿ ಬೇಕೆನಿಸಿದರೆ ನೋಡು. ತುಂಬ ಕೊಳೆಯಾದ ಎಲ್.ಪಿ.ಗೆ ಡಿಸ್ಟಿಲ್ಡ್ ವಾಟರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸು, ಅಡ್ಡ ಉಜ್ಜಬೇಡ. ಆಮೇಲೆ ಬರೀ ನೀರಿನಿಂದ ಇನ್ನೊಮ್ಮೆ ಒರೆಸಿ ನೆರಳಲ್ಲಿ ಆರಿಸು. ಲೇಬಲ್ಲಿಗೆ ನೀರು ತಾಗದಿರಲಿ. ಬಿಸಿಲಿಗಿಟ್ಟರೆ ರೆಕಾರ್ಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಕಾರಿನಲ್ಲಿ ಬಿಟ್ಟುಹೋದರೂ ಅಷ್ಟೇ.

ಮುಳ್ಳಿನ ಬಗ್ಗೆ ಯಾರೂ ಮಾತಾಡುವುದಿಲ್ಲ, ಅದರಲ್ಲಿ ಹೊಳೆಯುವ ಯಂತ್ರವಿಲ್ಲವಲ್ಲ. ಆ ಟರ್ನ್‌ಟೇಬಲನ್ನು ನೀನು ಸೆಕೆಂಡ್ ಹ್ಯಾಂಡ್ ಕೊಂಡದ್ದು. ಮುಳ್ಳು ಎಷ್ಟು ತಾಸು ಓಡಿದೆ ಎಂದು ಕೇಳಿದೆಯಾ? ವಜ್ರವೂ ಸವೆಯುತ್ತದೆ. ಐನೂರರಿಂದ ಸಾವಿರ ಗಂಟೆ ಎಂದು ಲೆಕ್ಕ ಇಟ್ಟುಕೊ. ಸವೆದ ಮುಳ್ಳು ಗೆರೆಯ ಗೋಡೆಯನ್ನು ಕೆರೆದುಹಾಕುತ್ತದೆ, ಆ ನಷ್ಟ ಮತ್ತೆ ತುಂಬುವುದಿಲ್ಲ. ತೋಳಿನ ಭಾರ ಕಾರ್ಟ್ರಿಜ್ಜಿನ ಕಾಗದದಲ್ಲಿ ಬರೆದಷ್ಟೇ ಇರಲಿ, ಸಾಮಾನ್ಯವಾಗಿ ಎರಡು ಗ್ರಾಂ ಆಸುಪಾಸು. ಅಳೆಯುವ ಪುಟ್ಟ ತಕ್ಕಡಿ ಅಗ್ಗಕ್ಕೆ ಸಿಗುತ್ತದೆ. ಭಾರ ಕಡಿಮೆ ಇಟ್ಟರೆ ರೆಕಾರ್ಡ್ ಉಳಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ, ಹಗುರಾದ ಮುಳ್ಳು ಗೆರೆಯಲ್ಲಿ ಕುಣಿದು ಗೋಡೆಗೆ ಹೊಡೆಯುತ್ತದೆ. ನಮ್ಮ ಕಾಲದ ಸೂಟ್‌ಕೇಸಿನಂಥ ಫಿಯೆಸ್ಟಾ ಪ್ಲೇಯರುಗಳಲ್ಲಿ ಸೆರಾಮಿಕ್ ಕಾರ್ಟ್ರಿಜ್ ಇರುತ್ತಿತ್ತು, ಮ್ಯಾಗ್ನೆಟ್ ಇರಲಿಲ್ಲ, ಭಾರ ಇದಕ್ಕಿಂತ ಬಹಳ ಜಾಸ್ತಿ. ನಿನ್ನಜ್ಜನ ಎಲ್.ಪಿ.ಗಳು ಮಬ್ಬಾಗಿರುವುದಕ್ಕೆ ಅದೂ ಒಂದು ಕಾರಣ. ಅವುಗಳಿಂದ ಪರದೆ ಸರಿಸಲು ಯಾವ ಯಂತ್ರವೂ ಇಲ್ಲ.

ಅಯಸ್ಕಾಂತದ ನಿಜವಾದ ತೊಂದರೆ ನಿನ್ನ ಮನೆಯಲ್ಲಿ ಒಂದಿದೆ, ಅದನ್ನು ಕಳೆದ ಸಲ ಬಂದಾಗಲೇ ಕೇಳಿದ್ದೆ. ಹಾಡಿಲ್ಲದಾಗ ಗುಂಯ್ ಎನ್ನುತ್ತದಲ್ಲ? ಆ್ಯಂಪ್ಲಿಫೈಯರನ್ನು ಟರ್ನ್‌ಟೇಬಲಿನ ಎಡಕ್ಕೆ ಒತ್ತಿ ಇಟ್ಟಿದ್ದೀಯ. ಅದರ ಟ್ರಾನ್ಸ್‌ಫಾರ್ಮರ್ ಸೆಕೆಂಡಿಗೆ 50 ಸಲ ಬದಲಾಗುವ ಅಯಸ್ಕಾಂತವನ್ನು ಸುತ್ತ ಚೆಲ್ಲುತ್ತದೆ, ನಿನ್ನ ಕಾರ್ಟ್ರಿಜ್ಜು ಅದನ್ನೂ ಹಾಡೆಂದು ತಿಳಿದು ಎತ್ತಿಕೊಳ್ಳುತ್ತದೆ. ಎರಡಡಿ ದೂರ ಸರಿಸು, ಅರ್ತ್ ತಂತಿ ಗಟ್ಟಿಯಾಗಿದೆಯಾ ನೋಡು. ಕಾಸು ಖರ್ಚಿಲ್ಲ. ಮತ್ತೆ ಆ ಡಿಮ್ಯಾಗ್ನೆಟೈಸರನ್ನು ಕಾರ್ಟ್ರಿಜ್ಜಿನ ಹತ್ತಿರ ಸುತರಾಂ ತರಬೇಡ. ಮೂವಿಂಗ್ ಮ್ಯಾಗ್ನೆಟ್ಟಿನ ಮ್ಯಾಗ್ನೆಟ್ಟನ್ನೇ ಸಡಿಲಿಸಿಬಿಟ್ಟರೆ ದನಿ ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ. ಇದನ್ನು ಹೇಳಲೆಂದೇ ಇಷ್ಟುದ್ದ ಬರೆದೆನೋ ಏನೋ. ಅಂಗಡಿಯಲ್ಲಿ ನನ್ನ ಹತ್ತಿರ ಇಸ್ತ್ರಿ ಪೆಟ್ಟಿಗೆಯ ಗಾತ್ರದ ಇನ್ನೊಂದು ಡಿಮ್ಯಾಗ್ನೆಟೈಸರ್ ಇತ್ತು, ಕ್ಯಾಸೆಟ್ಟುಗಳನ್ನು ಇಡಿಯಾಗಿ ಅಳಿಸುವುದಕ್ಕೆ. ಗಿರಾಕಿಗಳು ಹಳೇ ಕ್ಯಾಸೆಟ್ ತಂದುಕೊಡುತ್ತಿದ್ದರು, ಅಳಿಸಿ ಹೊಸ ಹಾಡು ತುಂಬಿಕೊಡುತ್ತಿದ್ದೆ. ಒಂದು ಸಂಜೆ ರಾಶಿಯೊಂದನ್ನು ಅಳಿಸುತ್ತ ಹೋದೆ. ಅದರೊಳಗೆ ಚೀಟಿ ಅಂಟಿಸದ ಕ್ಯಾಸೆಟ್ಟೊಂದು ಸೇರಿಕೊಂಡಿತ್ತು. ಮೂರು ಸೆಕೆಂಡಿನ ಕೆಲಸ. ರಾತ್ರಿ ಮನೆಗೆ ಬಂದು ಹುಡುಕುವಾಗ ಗೊತ್ತಾಯಿತು, ನಮ್ಮಮ್ಮ ಒಂದು ಶ್ರಾವಣದಲ್ಲಿ ಕೂತು ಹಾಡಿದ್ದ ಹಸೆ ಹಾಡು, ಆರತಿ ಹಾಡು ಎಲ್ಲ ಇದ್ದದ್ದು ಅದರಲ್ಲೇ. ಎರಡೂ ಬದಿ. ಯಂತ್ರದಲ್ಲಿ ಹಾಕಿದರೆ ಸುಯ್ ಎಂಬುದೊಂದೇ. ಚೀಟಿ ಬರೆದು ಅಂಟಿಸಲು ಸೋಮಾರಿತನ ಮಾಡಿದವನು ನಾನೇ, ಅಳಿಸಿದವನೂ ನಾನೇ. ಅಮ್ಮನಿಗೆ ಬಹಳ ದಿನ ಹೇಳಲಿಲ್ಲ. ಹೇಳಿದಾಗ “ಹೋದ್ರೆ ಹೋಯ್ತು, ಇನ್ನೊಂದ್ಸಲ ಹಾಡಿದ್ರಾಯ್ತು” ಅಂದಳು. ಆ ಇನ್ನೊಂದು ಸಲ ಬಂದದ್ದು ನಿಮ್ಮಪ್ಪನ ಮದುವೆಯಲ್ಲಿ ಮಾತ್ರ.

ಆ ಮದುವೆಯ ಕ್ಯಾಸೆಟ್ ಈಗ ಎಲ್ಲಿದೆ ಎಂದು ನಿನ್ನೆ ನಿಮ್ಮಮ್ಮನನ್ನು ಕೇಳಿದೆ. ನಿನ್ನ ಟರ್ನ್‌ಟೇಬಲ್ ಇಟ್ಟಿರುವ ಮೇಜಿನ ಕೆಳಖಾನೆಯಲ್ಲಿ, ಬಿಸ್ಕತ್ತಿನ ಡಬ್ಬದಲ್ಲಿ ಇದೆಯಂತೆ. ಅದರ ಪಕ್ಕದಲ್ಲೇ ನೀನು ಆ ಯಂತ್ರ ಇಟ್ಟುಕೊಂಡು ಗುಂಡಿ ಒತ್ತುತ್ತಿದ್ದೀಯ. ಈ ಕಾಗದ ಮಡಿಸುವ ಮೊದಲು ಎದ್ದು ಆ ಡಬ್ಬ ಎತ್ತಿ ನಿಮ್ಮಪ್ಪನ ಕೋಣೆಯ ಬೀರುವಿನಲ್ಲಿ ಇಡು. ಸ್ಪೀಕರಿನ ಮೇಲೂ ಇಡಬೇಡ. ಭಾನುವಾರ ಬೆಳಗಿನ ರೈಲಿಗೆ ನಾನೂ ದೊಡ್ಡಮ್ಮನೂ ಬರುತ್ತೇವೆ. ಹೆಡ್ ತೊಳೆದು, ಅಯಸ್ಕಾಂತ ಇಳಿಸಿ ನನ್ನ ಹಳೇ ಡೆಕ್ ಸಿದ್ಧ ಮಾಡಿದ್ದೇನೆ, ಹೊತ್ತು ತರುತ್ತೇನೆ. ಕ್ಯಾಸೆಟ್ಟನ್ನು ಅದರಲ್ಲಿ ಹಾಕಿ, ನಿನ್ನ ಕಂಪ್ಯೂಟರಿಗೆ ಇಳಿಸಿಕೊಳ್ಳೋಣ.

ನಿನ್ನ ದೊಡ್ಡಪ್ಪ